ಬಾಗಿಲಿಗೆ ಬರದ ಓದುಗ

ಯಾರ ಮನೆಗೂ ಹೋಗಬಾರದು, ಆದರೆ ಎಲ್ಲರ ಮನೆಯ ಸುದ್ದಿಯೂ ತಿಳಿಯಬೇಕು ಎನ್ನುವ ಪೈಕಿಯ ಮನುಷ್ಯ ನಾನು. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನನ್ನ ಸಿಟ್ಟಿನ ವಿಷಯಕ್ಕೆ ಬರುತ್ತೇನೆ. ನಮ್ಮ ಬಸವನ ಬಾಗೇವಾಡಿಯಲ್ಲಿ ಒಬ್ಬರ ಮನೆಯ ಹೊಸ್ತಿಲು ತುಳಿದರೆ ಸುಮ್ಮನೆ ಬಿಡುವುದುಂಟೇ? ಚಹಾ ಬೇಡವೆಂದರೆ "ಅರ್ಧ ಕಪ್ ಆದ್ರೂ ಕುಡೀರಿ" ಎನ್ನುತ್ತಾರೆ. ಅರ್ಧ ಎಂದವರು ತರುವುದು ತುಂಬಿದ ಕಪ್ಪನ್ನೇ, ಜೊತೆಗೆ ಒಂದು ತಾಟು ಚೂಡಾ. ಅದನ್ನು ಮುಗಿಸಿ ಏಳುವಷ್ಟರಲ್ಲಿ ಪಕ್ಕದ ಮನೆಯವರು ತಮ್ಮ ಬಾಗಿಲಲ್ಲಿ ನಿಂತಿರುತ್ತಾರೆ. "ಅವ್ರ ಮನೀಗೆ ಬಂದೀರಿ, ನಮ್ಮ ಮನಿ ಕಾಣಲಿಲ್ಲೇನ್ರಿ?" ಒಂದು ಲಗ್ನಪತ್ರಿಕೆ ಕೊಡಲು ಹೋಗಿ ಐದು ಕಪ್ ಚಹಾ ಕುಡಿದು, ಎದೆಯುರಿ ಹಚ್ಚಿಕೊಂಡು, ಪತ್ರಿಕೆಯನ್ನು ಮಾತ್ರ ಜೇಬಿನಲ್ಲೇ ವಾಪಸು ತಂದವನು ನಾನು.

ಇಂಥವನಿಗೆ ಫೀಡ್ ರೀಡರ್ ಎಂಬ ವಸ್ತು ಸಿಕ್ಕರೆ ಬಿಡುತ್ತಾನೆಯೇ? ಅದರ ಕೆಲಸ ಇಷ್ಟೇ. ಇಂತಿಂಥವರ ಬ್ಲಾಗು ನನಗೆ ಬೇಕು ಎಂದು ಒಂದು ಸಲ ಹೇಳಿಟ್ಟರೆ ಸಾಕು, ಅಲ್ಲಿ ಯಾರು ಏನು ಬರೆದರೂ ತಾನಾಗಿ ನಮ್ಮ ಮೊಬೈಲಿಗೆ ಬಂದು ಬೀಳುತ್ತದೆ. ಯಾರ ಬ್ಲಾಗಿಗೂ ಹೋಗಬೇಕಿಲ್ಲ, ಯಾರ ಚಹಾವನ್ನೂ ಕುಡಿಯಬೇಕಿಲ್ಲ.

ನಾನು ಇಲ್ಲಿನ ಡಿಗ್ರಿ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತೇನೆ. ಇಂಡಿ, ಸಿಂದಗಿ, ಮುದ್ದೇಬಿಹಾಳದಲ್ಲಿ ನನ್ನಂತೆಯೇ ಭೂಗೋಳ ಕಲಿಸುವ ಮೂವರ ಜೊತೆ ಸೇರಿ ಒಂದು ಯೋಜನೆ ಹಾಕಿದೆ. ನಾಲ್ಕೂ ಊರಿನ ವಿದ್ಯಾರ್ಥಿಗಳು ತಲಾ ಒಂದು ಬ್ಲಾಗು ತೆರೆಯಬೇಕು, ವಾರಕ್ಕೊಮ್ಮೆ ತಮ್ಮೂರಿನ ನೀರು, ಮಣ್ಣು, ಬೆಳೆ ಕುರಿತು ಬರೆಯಬೇಕು, ಒಬ್ಬರದನ್ನೊಬ್ಬರು ಓದಿ ಕಲಿಯಬೇಕು. ಇಂಡಿಯ ನಿಂಬೆ ತೋಟದ ಮಣ್ಣು ಸಿಂದಗಿಯ ತೊಗರಿ ಹೊಲದವನಿಗೆ ತಿಳಿಯಬೇಡವೇ? ಮಾದರಿಗೆಂದು ನಾನೂ ಒಂದು ಬ್ಲಾಗು ತೆರೆದು, "ಎಲ್ಲರಿಗೂ ಆದರದ ಸ್ವಾಗತ" ಎಂದು ನಾಲ್ಕು ಸಾಲು ಬರೆದು, ದೊಡ್ಡ ಕೆಲಸ ಮುಗಿಸಿದವನ ಹಾಗೆ ಕೈ ಒರೆಸಿಕೊಂಡೆ. ಹುಡುಗರು ಏನು ಬರೆದಾರೋ ಎಂಬ ಹೆದರಿಕೆಗೆ, ಯಾರು ಕಮೆಂಟು ಹಾಕಿದರೂ ಬ್ಲಾಗಿನ ಯಜಮಾನ ಒಪ್ಪಿಗೆ ಕೊಟ್ಟ ಮೇಲೆಯೇ ಅದು ಕಾಣಬೇಕು ಎಂಬ ಬೀಗವನ್ನೂ ಜಡಿದೆ. ಎಲ್ಲರ ಬ್ಲಾಗಿಗೂ ಜಡಿಸಿದೆ.

ಮೊದಲ ವಾರವೇ ತಕರಾರು. ಸಿಂದಗಿಯವರ ಬ್ಲಾಗು ಓದಿದಿರಾ ಎಂದು ಕ್ಲಾಸಿನಲ್ಲಿ ಕೇಳಿದರೆ ಒಬ್ಬರೂ ಓದಿರಲಿಲ್ಲ. ಯಾಕೆ? "ಕರೀಲಾರ್ದ ಹೆಂಗ ಹೋಗೂದ್ರಿ ಸರ್? ಅವ್ರು ಬರ್ರಿ ಅಂದೇ ಇಲ್ಲ." ಜಗತ್ತಿಗೆಲ್ಲ ತೆರೆದಿಟ್ಟ ಬ್ಲಾಗಿಗೆ ಕುಂಕುಮ ಹಚ್ಚಿ ಕರೆಯಬೇಕೇ? ಕೊನೆಗೆ ನಾನೇ ಸಿಂದಗಿಗೆ ಫೋನು ಮಾಡಿ, ಅವರ ಹುಡುಗರಿಂದ ನಮ್ಮ ಹುಡುಗರಿಗೆ "ಬರ್ರಿ" ಎಂಬ ಹೇಳಿಕೆ ಕಳಿಸುವಂತೆ ಮಾಡಬೇಕಾಯಿತು. ಆಮೇಲೆ ಹೋದರು ನೋಡಿ, ಸಾಲುಗಟ್ಟಿ! ಅಂತರ್ಜಲದ ಬಗ್ಗೆ ಒಬ್ಬ ಹುಡುಗ ಚಂದಾಗಿ ಬರೆದಿದ್ದ. ಅದರ ಕೆಳಗೆ ನಮ್ಮ ಹುಡುಗರು ಹಾಕಿದ ಕಮೆಂಟುಗಳನ್ನು ಸಿಂದಗಿಯ ಸಹೋದ್ಯೋಗಿ ಫೋನಿನಲ್ಲಿ ಓದಿ ಹೇಳಿದರು. "ಬಂದು ಹೋದೇನಿ." "ಊಟ ಆತಿಲ್ಲೊ?" "ಮಳಿ ಹೆಂಗ ಐತಿ ನಿಮ್ಮ ಕಡೆ?" "ನಮ್ಮ ಬ್ಲಾಗಿಗೂ ಒಮ್ಮೆ ಬರ್ರಿ, ತಪ್ಪಸಬ್ಯಾಡ್ರಿ." ಅಂತರ್ಜಲದ ಮಾತು ಒಂದು ತೊಟ್ಟೂ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಕಟ್ಟಲು ಹೊರಟಿದ್ದು ಕಲಿಯುವವರ ಬಳಗವನ್ನೋ, ಬೀಗರ ಬಳಗವನ್ನೋ?

ಮರುದಿನವೇ ಹುಕುಂ ಹೊರಡಿಸಿದೆ. ಇನ್ನು ಮೇಲೆ ಯಾರೂ ಯಾರ ಬ್ಲಾಗಿಗೂ ಸುಮ್ಮಸುಮ್ಮನೆ ಹೋಗಕೂಡದು. ಎಲ್ಲರೂ ಫೀಡ್ ರೀಡರಿನಲ್ಲೇ ಓದಬೇಕು. ಕಮೆಂಟು ಹಾಕುವುದಾದರೆ ವಿಷಯದ ಮೇಲೆ ಮಾತ್ರ. ಉಳಿದ ಮೂರು ಊರಿಗೂ ಇದನ್ನೇ ಮುಟ್ಟಿಸಿದೆ. ಕಮೆಂಟುಗಳು ಒಂದೇ ದಿನದಲ್ಲಿ ನಿಂತವು. ಶಿಸ್ತು ಬಂತು ಎಂದು ನಾನು ಹಿಗ್ಗಿದೆ. ಮುಂದಿನ ವಾರಗಳಲ್ಲಿ ಬರಹಗಳೂ ಒಂದೊಂದಾಗಿ ನಿಲ್ಲತೊಡಗಿದವು. ಪರೀಕ್ಷೆ ಹತ್ತಿರ ಬಂತಲ್ಲ ಎಂದುಕೊಂಡೆ. ಆದರೆ ಶಬಾನಾಳ ಬರಹ ನಿಂತಾಗ ಮಾತ್ರ ನನಗೆ ತಡೆಯಲಾಗಲಿಲ್ಲ.

ಶಬಾನಾ ಕೊಲ್ಹಾರದಿಂದ ಬಸ್ಸಿನಲ್ಲಿ ಬರುವ ಹುಡುಗಿ. ಕ್ಲಾಸಿನಲ್ಲಿ ಬಾಯಿ ಬಿಡುವವಳಲ್ಲ. ಬ್ಲಾಗಿನಲ್ಲಿ ಬರೆದಳು ನೋಡಿ, ನಾಲ್ಕು ತಾಲೂಕಿನಲ್ಲಿ ಅವಳ ಸಮ ಇನ್ನೊಬ್ಬರಿಲ್ಲ. ಹಳೇ ಕೊಲ್ಹಾರ ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ, ಊರವರೆಲ್ಲ ಎತ್ತರದ ಹೊಸ ಜಾಗಕ್ಕೆ ಬಂದು ಎಷ್ಟೋ ವರ್ಷವಾಗಿದೆ. ಅವಳ ಅಜ್ಜಿ ಮಾತ್ರ ಯಾರು ದಾರಿ ಕೇಳಿದರೂ ಮುಳುಗಿದ ಊರಿನ ದಾರಿಯನ್ನೇ ಹೇಳುತ್ತಾಳಂತೆ. "ಸಂತಿ ಕಟ್ಟಿ ದಾಟಿ ಎಡಕ್ಕ ಹೊಳ್ಳಪ್ಪ." ಸಂತೆಕಟ್ಟೆಯ ಮೇಲೆ ಈಗ ಮೀನಿನ ಬಲೆ ಬೀಸುತ್ತಾರೆ. ಇದನ್ನು ಓದಿ ನಾನು ನಕ್ಕೆ, ನಗುತ್ತಲೇ ಕಣ್ಣು ಒರೆಸಿಕೊಂಡೆ. ಹಿನ್ನೀರಿನ ಬಗ್ಗೆ ನಾನು ಇಷ್ಟು ವರ್ಷ ಮಾಡಿದ ಪಾಠಗಳಲ್ಲಿ ಇದು ಇರಲಿಲ್ಲ.

ಅಂಥ ಹುಡುಗಿ ಮೂರು ವಾರ ಒಂದಕ್ಷರ ಬರೆಯಲಿಲ್ಲ. ಸ್ಟಾಫ್ ರೂಮಿಗೆ ಕರೆಸಿದೆ.

"ಯಾಕ ಬಿಟ್ಟಿ?"

"ಯಾರೂ ಬರಂಗಿಲ್ರಿ ಸರ್," ಎಂದಳು. "ಎಷ್ಟ ಮಂದಿ ಬಂದಾರಂತ ಬ್ಲಾಗಿನ್ಯಾಗ ತೋರಸ್ತೈತ್ರಿ. ನಾ ಒಬ್ಬಾಕಿನ ಹೋಗಿ ನೋಡಿ ಬರ್ತೇನ್ರಿ. ಖಾಲಿ ಮನ್ಯಾಗ ಎಷ್ಟ ದಿನ ಮಾತಾಡೂದ್ರಿ?"

ನಾನು ಸಿಡಿದುಬಿದ್ದೆ. ಯಾರೂ ಬರುವುದಿಲ್ಲವೇ? ನಾನು ಒಂದಕ್ಷರ ಬಿಡದೆ ಓದಿದ್ದೇನೆ! ಫೀಡ್ ರೀಡರಿನಲ್ಲಿ ಓದಿದರೆ ಬ್ಲಾಗಿನ ಲೆಕ್ಕಕ್ಕೆ ಅದು ಸೇರುವುದಿಲ್ಲ, ಅಷ್ಟೇ. ಓದಿದ್ದು ಮುಖ್ಯವೋ, ಬಂದು ಹಾಜರಿ ಹಾಕಿದ್ದು ಮುಖ್ಯವೋ? ಅವಳು ತಲೆ ತಗ್ಗಿಸಿ "ಹೌದ್ರಿ ಸರ್" ಎಂದಳು. ಆ "ಹೌದ್ರಿ"ಯಲ್ಲಿ ಒಪ್ಪಿಗೆ ಇರಲಿಲ್ಲ.

ಮನೆಗೆ ಬಂದು ಹೆಂಡತಿ ಗಿರಿಜಾಳ ಮುಂದೆ ಇದನ್ನೆಲ್ಲ ಒದರಿಕೊಂಡೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ ತೀರ್ಪು ಕೊಟ್ಟಳು. "ಹಂಗಂದ್ರ ನೀವು ಆ ಹುಡುಗಿ ಮನೀಗೆ ದಿನಾ ಕಿಟಕ್ಯಾಗ ಹಣಿಕಿ ಹಾಕಿ ಬಂದಂಗಾತಲ್ಲ. ಬಾಗಿಲಕ ಹೋಗಿ, ಬಂದೇನವಾ ಅನ್ನಾಕ ಏನಾಗಿತ್ತು ನಿಮಗ?" ಇಪ್ಪತ್ತು ವರ್ಷ ಕಲಿಸಿದವನಿಗೆ ಹಣಿಕಿ ಹಾಕುವವನೆಂಬ ಬಿರುದು! ಅಂದು ರೊಟ್ಟಿ ಎರಡು ಕಡಿಮೆ ತಿಂದೆ. ಗಿರಿಜಾ ಗಮನಿಸಲಿಲ್ಲ.

ಮರುದಿನ ಶಬಾನಾಳನ್ನು ಮತ್ತೆ ಕರೆದೆ. ವಾದದಲ್ಲಿ ಸೋಲುವುದು ನನ್ನ ಜಾಯಮಾನದಲ್ಲೇ ಇಲ್ಲ. "ನೋಡವಾ, ನನ್ನ ಬ್ಲಾಗಿಗೂ ಯಾರೂ ಬಂದಿಲ್ಲ. ನಾ ಏನ್ ಅಳಾಕತ್ತೇನೇನು?" ಎನ್ನುತ್ತಾ, ಪುರಾವೆ ತೋರಿಸಲೆಂದು, ಆ ಸ್ವಾಗತದ ನಾಲ್ಕು ಸಾಲು ಬರೆದ ಮೇಲೆ ಮೊದಲ ಸಲ ನನ್ನ ಬ್ಲಾಗನ್ನು ಅವಳೆದುರೇ ತೆರೆದೆ. ಒಳಗೆ ಒಂದು ಸಾಲು ಕಾಣಿಸಿತು: ನಿಮ್ಮ ಒಪ್ಪಿಗೆಗಾಗಿ ಮೂವತ್ತೇಳು ಕಮೆಂಟುಗಳು ಕಾಯುತ್ತಿವೆ.

ಫೀಡ್ ರೀಡರು ಬೇರೆಯವರ ಬರಹ ತಂದುಕೊಡುತ್ತದೆ. ನನ್ನ ಬಾಗಿಲಿಗೆ ಯಾರು ಬಂದಿದ್ದಾರೆಂದು ಅದು ಹೇಳುವುದಿಲ್ಲ. ನಾನೂ ಕೇಳಿರಲಿಲ್ಲ. ನಾಲ್ಕೂ ಊರಿನ ಮಕ್ಕಳು ಮೊದಲು ಹಿರಿಯರ ಮನೆಗೆ ಹೋಗಬೇಕೆಂದು ನನ್ನಲ್ಲಿಗೇ ಬಂದಿದ್ದರು. ನಾನು ಜಡಿದ ಬೀಗದ ಹೊರಗೆ ವಾರಗಟ್ಟಲೆ ನಿಂತಿದ್ದರು. ಎಲ್ಲಕ್ಕಿಂತ ಮೊದಲಿನದು ಶಬಾನಾಳದು. "ಸರ್, ಮೊದಲ ಗುರುಗಳ ಮನೀಗೆ ಹೋಗಿ ಬಾ ಅಂತ ಅಜ್ಜಿ ಹೇಳ್ಯಾಳ. ಬಂದೇನ್ರಿ." ಅದರ ಮುಂದಿನ ವಾರದ್ದು: "ಸರ್, ಮತ್ತ ಬಂದಿದ್ದೆ. ಬಾಗಿಲಾ ಹಾಕಿತ್ರಿ."

ಪಕ್ಕದಲ್ಲೇ ನಿಂತು ಅವಳೂ ಓದುತ್ತಿದ್ದಳು. "ಇರ್ಲಿ ಬಿಡ್ರಿ ಸರ್," ಎಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಹಿಂದೆಂದೂ ನಾನು ಅಷ್ಟು ನಾಚಿಕೆಪಟ್ಟದ್ದು ನೆನಪಿಲ್ಲ.

ಅಂದು ಸಂಜೆ ಮೂವತ್ತೇಳಕ್ಕೂ ಒಪ್ಪಿಗೆ ಕೊಟ್ಟು, ಒಬ್ಬೊಬ್ಬರಿಗೂ ಉತ್ತರ ಬರೆದೆ. ಆಮೇಲೆ ಫೀಡ್ ರೀಡರನ್ನು ಮುಚ್ಚಿ, ಜೀವಮಾನದಲ್ಲಿ ಮೊದಲ ಬಾರಿಗೆ ಶಬಾನಾಳ ಬ್ಲಾಗಿಗೆ ನೆಟ್ಟಗೆ ಬಾಗಿಲಿನಿಂದಲೇ ಹೋದೆ. ಅಜ್ಜಿಯ ಸಂತೆಕಟ್ಟೆಯ ಬರಹದ ಕೆಳಗೆ, ನಾನೇ ಹೊರಡಿಸಿದ ಹುಕುಮನ್ನು ಮುರಿದು, ಬರೆದೆ: "ಬಂದೇನವಾ. ಅಜ್ಜಿ ಆರಾಮ ಅದಾರಿಲ್ಲೊ? ಆ ಎಡಕ್ಕ ಹೊಳ್ಳಿದ ಮ್ಯಾಲೆ ಏನಿತ್ತು ಅನ್ನೂದು ನನಗ ಇನ್ನೂ ತಿಳಿದಿಲ್ಲ." ಗುಂಡಿ ಒತ್ತಿದ ಕೂಡಲೇ ಉತ್ತರ ಬಂತು. ಬ್ಲಾಗಿನ ಯಜಮಾನರು ಒಪ್ಪಿಗೆ ಕೊಟ್ಟ ನಂತರ ನಿಮ್ಮ ಕಮೆಂಟು ಕಾಣಿಸುತ್ತದೆಯಂತೆ. ಬೀಗ ಹಾಕಿಸಿದವನು ನಾನೇ ತಾನೇ, ಯಾರನ್ನು ಬೈಯಲಿ?

ಇವತ್ತಿಗೆ ಮೂರು ದಿನವಾಯಿತು. ದಿನಾ ಹೋಗಿ ನೋಡಿ ಬರುತ್ತೇನೆ, ಇನ್ನೂ ಒಪ್ಪಿಗೆ ಸಿಕ್ಕಿಲ್ಲ. ನಾನು ಹೊರಗೆ ಕಟ್ಟೆಯ ಮೇಲೆಯೇ ಕೂತಿದ್ದೇನೆ. ಒಳಗೆ ಕರೆದರೆ ಈ ಸಲ ಚಹಾ ಬೇಡ ಎನ್ನುವುದಿಲ್ಲ, ತುಂಬಿದ ಕಪ್ಪನ್ನೇ ಕುಡಿಯುತ್ತೇನೆ.