ಭಿಕ್ಷುಕ ಕೋಶಗಳು

ಒಂದು ಗುಡಿಸು, ಒಂದು ಕೊಂಬು. ಮೂವತ್ತೆರಡು ಉತ್ತರಪತ್ರಿಕೆಗಳಲ್ಲೂ ಇವೆರಡು ಇರಬಾರದ ಜಾಗದಲ್ಲಿದ್ದವು. ಸತ್ತ ಜೀವಕೋಶಗಳನ್ನು ದೇಹ ಏನು ಮಾಡುತ್ತದೆ ಎಂಬ ನನ್ನ ಪ್ರಶ್ನೆಗೆ ಒಂಬತ್ತನೆಯ ತರಗತಿಯ ಹುಡುಗಿಯರು ‘ಭಕ್ಷಕ ಕೋಶಗಳು ತಿನ್ನುತ್ತವೆ’ ಎನ್ನುವ ಬದಲು ‘ಭಿಕ್ಷುಕ ಕೋಶಗಳು ತಿನ್ನುತ್ತವೆ’ ಎಂದು ಬರೆದಿದ್ದರು. ಅಕ್ಷರದ ವಿಷಯದಲ್ಲಿ ನಾನು ಬಿಗಿ. ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಅಲ್ಲಿ ಸಾಬೂನು ಕೊಳ್ಳುವುದಿಲ್ಲ. ಮಾನ್ವಿಗೆ ಕೆಲಸಕ್ಕೆ ಬಂದ ಮೇಲೆ ಈ ಶಿಸ್ತಿನಿಂದಾಗಿ ಸಾಬೂನಿಗೂ ರಾಯಚೂರಿಗೇ ಹೋಗುತ್ತಿದ್ದೆ. ಒಬ್ಬರದನ್ನೊಬ್ಬರು ನೋಡಿ ಬರೆದಿದ್ದಾರೆಂದು ಸಿಟ್ಟಾಗಿ ಎಲ್ಲರಿಗೂ ಒಂದೊಂದು ಅಂಕ ಕಳೆದೆ.

ಪತ್ರಿಕೆ ಹಂಚಿದ ದಿನ ಸಂಜೆ ಶಾಹೀನ್ ಎಂಬ ಹುಡುಗಿ ತಾಯಿಯೊಂದಿಗೆ ನನ್ನ ಬಾಡಿಗೆ ಕೋಣೆಗೆ ಬಂದಳು. ಮೂವತ್ತೈದಕ್ಕೆ ಪಾಸು, ಅವಳಿಗೆ ಮೂವತ್ನಾಲ್ಕು.

“ನಾಪಾಸಾದ್ರ ಸಾಲಿ ಬಿಡಸ್ತೀನಿ ಅಂತ ಇವರಪ್ಪ ಕುಂತಾರ್ರೀ ಟೀಚರ್,” ಎಂದರು ತಾಯಿ.

“ಭಿಕ್ಷುಕ ಅಂದ್ರೇನು? ಹೇಳು,” ಎಂದು ನಾನು ಹುಡುಗಿಯನ್ನು ಕೇಳಿದೆ.

“ಬೇಡಿ ತಿನ್ನಾಂವ್ರೀ. ಮೈಯಾಗ ಮನಿ ಮನಿ ತಿರುಗಿ ಸತ್ತಿದ್ದು, ಕೆಟ್ಟಿದ್ದು ತಿಂದು ಹೋಗ್ತಾನ. ಅಂವ ಬರ್ಲಿಲ್ಲಂದ್ರ ಮೈ ನಾರ್ತದ.”

“ಚುಪ್ ಲೇ! ಫಕೀರಗ ಕೆಟ್ಟಿದ್ದು ಯಾರ್ ನೀಡ್ತಾರ?” ತಾಯಿ ಗದರಿದರು.

ಶಾಹೀನ್ ನೋಟುಬುಕ್ಕು ತೆರೆದಳು. “ನೀವೇ ಬರಸೀರಲ್ರೀ ಟೀಚರ್, ಬೋರ್ಡಿನ ಮ್ಯಾಲ.”

ಬರೆಸಿದ್ದೆ. ಶನಿವಾರ, ಕೊನೆಯ ಪೀರಿಯಡ್ಡು. ಕೈ ಬೋರ್ಡಿನ ಮೇಲೆ, ಕಿವಿ ರಾಯಚೂರು ಬಸ್ಸಿನ ಹಾರ್ನಿನ ಮೇಲೆ. ಧಾರವಾಡದಲ್ಲಿ ಇಂಗ್ಲಿಷಿನಲ್ಲಿ ‘ಫ್ಯಾಗೊಸೈಟ್’ ಎಂದು ಕಲಿತು ಬಂದವಳಿಗೆ ಅದರ ಕನ್ನಡ ಹೆಸರು ಹುಡುಗಿಯರಿಗಿದ್ದಷ್ಟೇ ಹೊಸದು.

“ನಾಳೆ ನೋಡೋಣ್ರಿ,” ಎಂದು ಇಬ್ಬರನ್ನೂ ಕಳಿಸಿದೆ. ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲಿಗೂ ನೀರಿನ ಕೊಡಕ್ಕೂ ನಡುವೆ ನಡೆದದ್ದೇ ನಡೆದದ್ದು. ದುಂಡಗಿನ ಅಕ್ಷರಕ್ಕೆಂದು ಶಾಹೀನಳಿಗೊಬ್ಬಳಿಗೆ ಒಂದು ಅಂಕ ಕೊಟ್ಟುಬಿಟ್ಟರೆ? ಯಾರಿಗೂ ತಿಳಿಯುವುದಿಲ್ಲ. ಕೆಟ್ಟದ್ದನ್ನು ಸದ್ದಿಲ್ಲದೆ ನುಂಗಿ ಮುಗಿಸುವ ಏರ್ಪಾಡು ಮೈಯಲ್ಲೇ ಇದೆ, ನಾನೇ ಪಾಠ ಮಾಡಿದ್ದೇನೆ. ಆದರೆ ಮೂವತ್ತೆರಡು ನೋಟುಬುಕ್ಕುಗಳನ್ನು ನುಂಗುವ ಕೋಶ ಯಾವುದಿದೆ?

ಮರುದಿನ ಬೆಳಿಗ್ಗೆ ಮುಖ್ಯೋಪಾಧ್ಯಾಯಿನಿಯವರಿಗೆ ತಪ್ಪು ನನ್ನದೆಂದು ಹೇಳಿ ಎಲ್ಲರ ಅಂಕವನ್ನೂ ಮರಳಿ ಕೊಟ್ಟೆ. ತರಗತಿಯಲ್ಲಿ ಪಠ್ಯಪುಸ್ತಕ ಕೈಯಲ್ಲಿ ಹಿಡಿದು, ನೋಡಿ ನೋಡಿ ಆ ಪದವನ್ನು ಬರೆದೆ. ಶಾಹೀನ್ ಎದ್ದು ನಿಂತು ಒಂದೊಂದೇ ಅಕ್ಷರ ಓದಿ, “ಈಗ ಬರೋಬ್ಬರಿ ಅದ್ರೀ ಟೀಚರ್,” ಎಂದಳು. ನಾನು ಚಾಕ್‌ಪೀಸು ಇಟ್ಟು, ಪಾಸಾದವಳಂತೆ ಪಕ್ಕಕ್ಕೆ ಸರಿದು ನಿಂತೆ.