ಜೂನಿಯರ್ ಕೆ.ಜಿ.ಗೆ ಹೋದ ತಗಡಿನ ಮನೆ

ಎರಡು ಸಾವಿರದ ಇನ್ನೂರು ರೂಪಾಯಿ. ಮೂರೂವರೆ ಸಾವಿರ ಹೇಳಿದ್ದ ವೆಲ್ಡಿಂಗಿನವನನ್ನು ಅರ್ಧ ಗಂಟೆ ಜಗ್ಗಾಡಿ ಅಲ್ಲಿಗೆ ಇಳಿಸಿದೆ. ತಗಡು ನನ್ನ ಅಂಗಡಿಯದೇ. ಅಷ್ಟು ಕೊಟ್ಟು ಮಾಡಿಸಿದ್ದು ಏನಪ್ಪಾ ಅಂದರೆ, ಜೂನಿಯರ್ ಕೆ.ಜಿ. ಓದುವ ನನ್ನ ಮಗಳು ಪಾರುವಿನ ಹೋಂವರ್ಕು.

ಸಿಟ್ಟು ಬರದೆ ಇನ್ನೇನು? ಶಾಲೆಯಿಂದ ಚೀಟಿ ಬಂದಿತ್ತು: 'ನನ್ನ ಮನೆ' ಅಂತ ಒಂದು ಮಾದರಿ, ತಂದೆತಾಯಿ ಮಗುವಿನ ಜೊತೆ ಕೂತು ಮಾಡಬೇಕು. ಕೂರುವುದಕ್ಕೆ ಯಾರಿಗೆ ಪುರುಸೊತ್ತಿದೆ? ವಿಜಯಪುರದಿಂದ ಈ ಮರಾಠಿ-ಹಿಂದಿ ಸೀಮೆಗೆ ಬಂದು, ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಲಾರಿಗೆ ಸರಳು ಹೇರಿ, ಹತ್ತು ವರ್ಷಕ್ಕೆ ಸ್ವಂತ ಅಂಗಡಿ ಹಾಕಿದವನು ನಾನು. ಹೋದ ವರ್ಷ ಪಕ್ಕದ ಖಾರಘರದ ಯಾರೋ ಇಂಜಿನಿಯರಪ್ಪ ಲೈಟು ಹತ್ತುವ ಮನೆ ತಂದು ಬಹುಮಾನ ಹೊಡೆದಿದ್ದನಂತೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಅದರ ಫೋಟೊ ಇನ್ನೂ ಓಡಾಡುತ್ತಿದೆ. ನಾಲ್ಕು ವರ್ಷದ ಮಕ್ಕಳ ಹೆಸರಿನಲ್ಲಿ ಅಪ್ಪಂದಿರ ಕುಸ್ತಿ ಇದು! ಕುಸ್ತಿ ಎಂದ ಮೇಲೆ ಸೋಲುವುದು ನನ್ನ ಜಾಯಮಾನವಲ್ಲ.

ಪಾರು ಆಗಲೇ ಕಡ್ಡಿಪೆಟ್ಟಿಗೆಗಳನ್ನು ಅಂಟಿಸಿ ಒಂದು ಮನೆ ಮಾಡಿದ್ದಳು. ಸೊಟ್ಟ. ಬಾಗಿಲು ಛಾವಣಿಯ ಮೇಲೆ.

"ಚಲೋ ಐತಲ್ರಿ, ಇದನ್ನ ಕಳಸೂಣು," ಎಂದಳು ಹೆಂಡತಿ ಮಹಾದೇವಿ.

"ಕಬ್ಬಿಣದಂವನ ಮಗಳು ಕಡ್ಡಿಪೆಟ್ಟಿಗಿ ಒಯ್ದರ, ನಾ ಮಾರ್ಕೆಟ್ನ್ಯಾಗ ಮಾರಿ ಹೆಂಗ ತೋರಸ್ಲಿ?" ಎಂದು ಅವಳ ಬಾಯಿ ಮುಚ್ಚಿಸಿದೆ.

ತಗಡಿನ ಮನೆ ಐದು ಕಿಲೋ ತೂಗಿತು. ಗೇಟಿನಿಂದ ಒಳಗೊಯ್ಯಲು ಶಾಲೆಯ ವಾಚ್‌ಮನ್ನೂ ಕೈ ಹಚ್ಚಿದ. ಪ್ರದರ್ಶನದಲ್ಲಿ ಟೀಚರಮ್ಮ ಪಾರುವನ್ನು ಕೇಳಿದರು, "ಬೇಟಾ, ಇಸ್ ಘರ್ ಮೇ ಕೌನ್ ರಹತಾ ಹೈ?"

"ಕೋಯೀ ನಹೀ," ಎಂದಳು ಪಾರು. "ಪಪ್ಪಾ ಬೋಲಾ, ಹಾಥ್ ಮತ್ ಲಗಾ."

ಈ ಮನೆಯಲ್ಲಿ ಯಾರಿರುತ್ತಾರೆ ಅಂದರೆ, ಯಾರೂ ಇಲ್ಲವಂತೆ; ಮುಟ್ಟಬೇಡ ಅಂದಿದ್ದಾನಂತೆ ಅಪ್ಪ! ಸುತ್ತಲಿದ್ದ ಅಪ್ಪಂದಿರೆಲ್ಲ ನಕ್ಕರು, ಅಂಗಡಿಯಿಂದ ರೆಡಿಮೇಡ್ ಥರ್ಮಾಕೋಲ್ ಮನೆ ಕೊಂಡು ತಂದ ಮಹಾನುಭಾವರು! ಬಹುಮಾನವೇನೋ ನಮಗೇ ಬಂತು. ಆ ಟ್ರೋಫಿ ಕಂಡರೆ ಈಗಲೂ ಮೈ ಉರಿಯುತ್ತದೆ.

ಮನೆಗೆ ಬಂದವನೇ ಕಡ್ಡಿಪೆಟ್ಟಿಗೆಯ ಮನೆಯ ಮುಂದೆ ಕೂತೆ. "ನಿನ್ನ ಮನ್ಯಾಗ ಯಾರ್ಯಾರು ಅದಾರವಾ?" ಪಾರು ಒಂದೊಂದೇ ಪೆಟ್ಟಿಗೆ ಎಳೆದು ತೋರಿಸಿದಳು. ಒಳಗೆ ಒಂದೊಂದು ಹುಣಸೆಬೀಜ: ಇದು ಮಮ್ಮಿ, ಇದು ತಾನು, ಇದು ಕೆಳಗಿನ ಪಾರ್ಕಿಂಗಿನ ಬೆಕ್ಕು.

"ನಾ ಎಲ್ಲಿ?"

"ಆಪ್ ತೋ ಮಾರ್ಕೆಟ್ ಮೇ ಹೋ ನಾ, ಪಪ್ಪಾ." ನಾನು ಇರುವುದು ಮಾರ್ಕೆಟ್ಟಿನಲ್ಲಂತೆ!

ಅದಕ್ಕೇ ಹೇಳುತ್ತೇನೆ, ಕೇಳಿ. ನಿಮ್ಮ ಮನೆಗೂ ಆ ಚೀಟಿ ಬರುತ್ತದೆ. ಬಂದ ದಿನವೇ ಫೋನು ಬದಿಗಿಟ್ಟು ನೆಲದ ಮೇಲೆ ಕೂತುಬಿಡಿ. ಗೋಂದು ಹಚ್ಚಿಕೊಡಿ, ಬಾಗಿಲು ಎಲ್ಲಿರಬೇಕೆಂದು ಹೇಳಲು ಹೋಗಬೇಡಿ. ನಿಮ್ಮ ಜಾಗವನ್ನು ಮಾತ್ರ ಮೊದಲೇ ಕೇಳಿ ಗಟ್ಟಿ ಮಾಡಿಕೊಳ್ಳಿ. ಕಟ್ಟಿ ಮುಗಿದ ಮೇಲೆ ಚೌಕಾಸಿ ನಡೆಯುವುದಿಲ್ಲ. ಅರ್ಧ ಗಂಟೆ ಜಗ್ಗಾಡಿದರೂ ನನಗೆ ದಕ್ಕಿದ್ದು ಬೆಕ್ಕಿನ ಪೆಟ್ಟಿಗೆಯಲ್ಲಿ ಅರ್ಧ ಪಾಲು, ಅದೂ ಭಾನುವಾರ ಮಾತ್ರ.