ಒಂದು ಬೀಗದಕೈ, ನಾಲ್ಕು ತೂಕ

ಸಣ್ಣತಿಮ್ಮಯ್ಯ ತನ್ನ ಕೊಬ್ಬರಿ ಚೀಲವನ್ನು ಒಂದನೇ ತೂಕದ ಯಂತ್ರದ ಮೇಲಿಟ್ಟ. ಕೈಯನ್ನು ಮಾತ್ರ ಚೀಲದಿಂದ ತೆಗೆಯಲಿಲ್ಲ. ಅಷ್ಟಕ್ಕೇ ತಿಪಟೂರಿನ ಆ ವರ್ತಕರ ಸಂಘದ ನಾಲ್ಕೂ ಯಂತ್ರಗಳು ಒಟ್ಟಿಗೆ ಮೌನ ತಾಳಿದವು.

ಅಲ್ಲಿನ ಕಂಪ್ಯೂಟರಿಗೆ ಮೈಲಾರಿಯೇ ಹೊಣೆ. ತೂಕ ಓದುವ ಭಾಗ ಸಿ ಎಂಬ ಕಂಪ್ಯೂಟರ್ ಭಾಷೆಯದು, ದರ ಕಟ್ಟುವ ಭಾಗ ಪೈಥಾನಿನದು. ನಾಲ್ಕು ಯಂತ್ರಗಳಿಗೆ ನಾಲ್ಕು ಥ್ರೆಡ್ಡು, ಅಂದರೆ ಪ್ರೋಗ್ರಾಮಿನೊಳಗೆ ದುಡಿಯುವ ನಾಲ್ಕು ಆಳುಗಳು. ನಾಲ್ಕಕ್ಕೂ ಸೇರಿ ಪೈಥಾನ್ ಓಡುವ ಕೋಣೆ, ಅಂದರೆ ರನ್‌ಟೈಮ್, ಒಂದೇ. ಅದಕ್ಕಿರುವ ಒಂದೇ ಬೀಗದಕೈ ಹಿಡಿದವನಿಗಷ್ಟೇ ಒಳಗೆ ಪ್ರವೇಶ. ಮಧ್ಯಾಹ್ನದೊಳಗೆ ಇದೆಲ್ಲ ಸರಾಗವಾಗಿ ಓಡಿದರೆ ಮೈಲಾರಿಯ ಕೆಲಸ ಕಾಯಂ ಮಾಡಿಸುವುದಾಗಿ ಕಾರ್ಯದರ್ಶಿ ಹನುಮಂತಯ್ಯನವರು ಮಾತು ಕೊಟ್ಟಿದ್ದರು.

“ಏನಪ್ಪಾ, ಮದುವೆಮನೆ ಫೋಟೋದಂಗೆ ಎಲ್ಲಾ ಗಪ್‌ಚಿಪ್ ನಿಂತವೆ?” ಎಂದಳು ಪಕ್ಕದ ಮೇಜಿನ ಗುಮಾಸ್ತೆ ವನಜಾಕ್ಷಿ.

“ಒಂದನೇ ಥ್ರೆಡ್ಡು ಬೀಗದಕೈ ಇಟ್ಕಂಡು ಕೂತದೆ ಕಣಕ್ಕ. ತೂಕದ ಅಂಕಿ ನಿಂತ್ರೆ ತಾನೆ ಅದು ದರ ಹೇಳೋದು?”

ಮೈಲಾರಿ ಹೊರಗೋಡಿದ. “ಯಜಮಾನ್ರೇ, ಕೈ ತೆಗೀರಿ. ಅಂಕಿ ಕುಣೀತಾ ಅದೆ.”

“ದರ ಹೇಳು, ತೆಗೀತೀನಿ,” ಎಂದ ಸಣ್ಣತಿಮ್ಮಯ್ಯ. “ಹನ್ನೊಂದು ತಿಂಗಳು ಅಟ್ಟದ ಮ್ಯಾಲೆ ಕಾಪಾಡಿರೋ ಕೊಬ್ಬರಿ ಕಣಪ್ಪ. ದರ ಕೇಳ್ದಲೆ ಕೈ ಬುಟ್ರೆ ಚೀಲ ನಿಮ್ದಾದಂಗೆ. ನಮ್ಮಪ್ಪಾನೂ ಬುಟ್ಟೋನಲ್ಲ.”

ದರಕ್ಕಾಗಿ ಮುದುಕ, ತೂಕಕ್ಕಾಗಿ ಯಂತ್ರ, ಬೀಗದಕೈಗಾಗಿ ಉಳಿದ ಮೂರು ಥ್ರೆಡ್ಡು: ಯಾರೂ ಅಲುಗಲಿಲ್ಲ. ರೈತರ ಸಾಲು ಮಾತ್ರ ರಸ್ತೆಗೆ ಹರಿಯಿತು.

“ಆಫ್ ಮಾಡಿ ಆನ್ ಮಾಡಪ್ಪ,” ಎಂದಿತು ಸಾಲು. ಮಾಡಿದ. ಒಂದನೇ ಥ್ರೆಡ್ಡೇ ಮತ್ತೆ ಮೊದಲು ಬೀಗದಕೈ ಕಸಿದುಕೊಂಡಿತು. ನಾಲ್ಕಕ್ಕೂ ಬೇರೆ ಬೇರೆ ರನ್‌ಟೈಮ್ ಕೊಟ್ಟು ನೋಡಿದ. ದರ ಕಟ್ಟುವ ಹಳೆಯ ಭಾಗ, ಮನೆ ಪಾಲಾದ ಸುದ್ದಿ ಕೇಳಿದ ಹಿರಿಯನಂತೆ, ಅಲ್ಲೇ ಕುಸಿಯಿತು.

“ಸುಮ್ನೆ ಕಾಯೋದಾದ್ರೆ ಕೈಲಿ ಬೀಗದಕೈ ಯಾಕೆ?” ಎಂದಳು ವನಜಾಕ್ಷಿ, ಚೀಟಿ ಬರೆಯುತ್ತಲೇ. “ಕೆಳಗಿಟ್ಟು ಕಾಯ್ಲಿ. ಬೇರೆಯೋರು ಹೋಗ್ಬತ್ತಾರೆ.”

ಮೈಲಾರಿ ಕುರ್ಚಿ ಮುಂದಕ್ಕೆಳೆದುಕೊಂಡ. ಪ್ರೋಗ್ರಾಮಿಗೆ ಎರಡೇ ಸಾಲು ಬರೆದು ಸೇರಿಸಿದ: ಕಾಯುವ ಮುನ್ನ ಬೀಗದಕೈ ಬಿಡು, ತೂಕ ಬಂದಮೇಲೆ ಮತ್ತೆ ಪಡೆ. ಮೂರು ಯಂತ್ರಗಳು ಮುಂಗಾರಿನ ಮೊದಲ ಹನಿಗಳಂತೆ ಟಪಟಪನೆ ಚೀಟಿ ಉದುರಿಸಿದವು. ಪಕ್ಕದವನ ದರ ಕಿವಿಗೆ ಬಿದ್ದದ್ದೇ ಸಣ್ಣತಿಮ್ಮಯ್ಯನೂ ಸಮಾಧಾನದಿಂದ ಕೈ ತೆಗೆದ.

ಹನುಮಂತಯ್ಯನವರು ಬಂದು ಬೆರಗಾದರು. “ಹೆಂಗಪ್ಪ ಸರಿ ಮಾಡ್ದೆ?”

ಮೈಲಾರಿ ಎದೆಯುಬ್ಬಿಸಿದ. “ಕಾಯೋರು ಬೀಗದಕೈ ಹಿಡ್ಕಂಡು ಕೂರಬಾರ್ದು ಸಾರ್. ಬುಟ್ಟು ಕಾಯ್ಬೇಕು. ಆಗ ಬೇರೆಯೋರ ಕೆಲ್ಸ ನಡೀತದೆ.”

“ಒಪ್ಪೋ ಮಾತು,” ಎಂದರು ಹನುಮಂತಯ್ಯ, ನಿಜವಾದ ಮೆಚ್ಚುಗೆಯಿಂದ. “ನಿನ್ನ ಕಾಯಂ ವಿಚಾರ ಸಮಿತಿ ಮುಂದೆ ಬರಕ್ಕೆ ಆರು ತಿಂಗಳಾಯ್ತದೆ. ಅಲ್ಲೀಗಂಟ ನೀನೂ ಕಾಯೋನೇ ತಾನೆ? ಕುರ್ಚಿ ಬುಟ್ಟು ಕಾಯಪ್ಪ. ನಾಳೆಯಿಂದ ನಮ್ಮಣ್ಣನ ಮಗಳು ಸಿಂಧು ಕೂರ್ತಾಳೆ.”

ಮೈಲಾರಿ ಎದ್ದು ನಿಂತ. ತಾನು ಬರೆದ ಸಾಲು ತನ್ನ ಮೇಲೂ ಇಷ್ಟು ದೋಷವಿಲ್ಲದೆ ಓಡೀತೆಂದು ಅವನು ಎಣಿಸಿರಲಿಲ್ಲ.